ವಾರಕ್ಕೊಂದು ಚುಚ್ಚುಮದ್ದು, ಮನೆಗೊಬ್ಬ ಓದುಗ

ಬೇಲೂರು ತಾಲ್ಲೂಕಿನ ಅರೇಹಳ್ಳಿಯಲ್ಲಿ ಮಳೆಗಾಲವೆಂದರೆ ಮನೆಯೊಳಗಿನ ಕಾಲ. ಹೊರಗೆ ಕಾಫಿ ತೋಟಗಳ ಮೇಲೆ ಮಳೆ ಬಿಡದೆ ಹೊಯ್ಯುತ್ತಿರುವಾಗ, ಒಳಗೆ ಒಲೆಯ ಬಳಿ ಕುಳಿತು ಬಿಸಿ ಅಕ್ಕಿರೊಟ್ಟಿಯನ್ನೂ ಬೆಲ್ಲದ ಕಾಫಿಯನ್ನೂ ಒಲ್ಲೆನೆಂದವರನ್ನು ನಾನು ಕಂಡಿಲ್ಲ. ನಾನೂ ಒಲ್ಲೆನೆಂದವನಲ್ಲ. ಆದರೆ ಕಳೆದ ಮಳೆಗಾಲದ ಒಂದು ರಾತ್ರಿ, ಒಂದೂವರೆ ರೊಟ್ಟಿ ಮುಗಿಯುವ ಹೊತ್ತಿಗೆ ನನ್ನ ಕೈ ತಾನಾಗಿ ನಿಂತಿತು. ಹೊಟ್ಟೆಯಲ್ಲಿ ಒಂದು ಬಗೆಯ ತೊಳಸು. ಉಳಿದರ್ಧ ರೊಟ್ಟಿಯನ್ನು ನೋಡಿದರೇ ಬೇಸರ. "ಯಾಕೆ, ಊಟ ಸೇರಲಿಲ್ಲವೆ?" ಎಂದು ಮನೆಯಾಕೆ ಗಾಬರಿಯಾದಳು. "ಆ ಸೂಜಿ ಚುಚ್ಚಿಸಿಕೊಂಡಾಗಿನಿಂದ ಹೀಗೆಯೇ. ಮುಂದಿನ ವಾರ ಅದು ಬೇಡವೇ ಬೇಡ" ಎಂದು ತೀರ್ಪನ್ನೂ ಕೊಟ್ಟಳು.

ತೀರ್ಪು ನನಗೂ ಒಪ್ಪಿಗೆಯಾಗಿತ್ತು. ಅದನ್ನು ತಡೆದವಳು ಬೇಲೂರಿನಲ್ಲಿ ದ್ವಿತೀಯ ಪಿ.ಯು. ತರಗತಿಯಲ್ಲಿ ಓದುತ್ತಿದ್ದ ನಮ್ಮ ಮೊಮ್ಮಗಳು. ಔಷಧದ ಪೆಟ್ಟಿಗೆಯೊಳಗೆ ಹಲವು ಮಡಿಕೆಗಳಲ್ಲಿ ಅಡಗಿದ್ದ, ಇರುವೆಯ ಸಾಲಿನಂಥ ಅಕ್ಷರಗಳ ಇಂಗ್ಲಿಷ್ ಚೀಟಿಯನ್ನು ಅವಳು ಬಿಡಿಸಿ, ದೀಪದ ಕೆಳಗೆ ಹಿಡಿದು ಓದಿದಳು. "ತಾತ, ಮೊದಲ ವಾರಗಳಲ್ಲಿ ತುಂಬ ಜನಕ್ಕೆ ಹೀಗಾಗುತ್ತದಂತೆ. ಮೈ ಒಗ್ಗಿದ ಹಾಗೆ ಕಡಮೆಯಾಗುತ್ತದಂತೆ. ಬಿಡುವುದಕ್ಕೆ ಮುಂಚೆ ಡಾಕ್ಟರನ್ನು ಒಂದು ಮಾತು ಕೇಳೋಣ" ಎಂದಳು. ಕೇಳಿದೆವು. ಔಷಧ ಬಿಡಲಿಲ್ಲ, ಬಿಡಬೇಕಾದದ್ದು ಎರಡನೆಯ ರೊಟ್ಟಿಯನ್ನು ಎಂದು ತಿಳಿಯಿತು.

ಈ ಚಿಕ್ಕ ಸಂಗತಿಯನ್ನು ವಾಚಕರ ಮುಂದಿಡುವುದಕ್ಕೆ ಕಾರಣವಿದೆ. ಎರಡನೆಯ ಬಗೆಯ ಮಧುಮೇಹಕ್ಕೆ ಈಚೆಗೆ ಬಂದಿರುವ, ವಾರಕ್ಕೊಮ್ಮೆ ಚರ್ಮದಡಿಗೆ ಚುಚ್ಚಿಕೊಳ್ಳುವ ಔಷಧಗಳು ವಿಜ್ಞಾನದ ದೊಡ್ಡ ಗೆಲುವೇ ಸರಿ. ಆದರೆ ಔಷಧವು ಪೇಟೆಯಿಂದ ಹಳ್ಳಿಗೆ ಬಂದಷ್ಟು ಬೇಗ ಅದರ ತಿಳಿವಳಿಕೆ ಬರುತ್ತಿಲ್ಲ. ಒಗ್ಗಿಕೊಳ್ಳುವ ಮೊದಲ ಕೆಲವು ತಿಂಗಳಲ್ಲಿ ರೋಗಿಗೆ ಔಷಧದಷ್ಟೇ ಮುಖ್ಯವಾದುದು ಆ ತಿಳಿವಳಿಕೆ. ಅದನ್ನು ಮನೆಯೊಳಕ್ಕೆ ತರಬಲ್ಲವರು, ಬಹಳ ಮನೆಗಳಲ್ಲಿ, ಶಾಲೆ ಕಾಲೇಜುಗಳಲ್ಲಿ ಓದುತ್ತಿರುವ ನೀವೇ. ನನ್ನ ಅಭಿಪ್ರಾಯವೆಲ್ಲ ಇಷ್ಟೆ. ಅದಕ್ಕೆ ಆಧಾರವೇನೆಂಬುದನ್ನು ಮುಂದೆ ವಿವರಿಸುತ್ತೇನೆ.

ಮಧುಮೇಹ ನಮಗೆ ಹೊಸ ರೋಗವಲ್ಲ. ಇರುವೆ ಮುತ್ತುವ ಸಿಹಿಮೂತ್ರವನ್ನು ನಮ್ಮ ಪ್ರಾಚೀನ ವೈದ್ಯರು ಬಲ್ಲವರಾಗಿದ್ದರು. ಆ ಸಿಹಿಗೆ ಕಾರಣ ಸಕ್ಕರೆಯೇ ಎಂಬುದನ್ನು ಇಂಗ್ಲೆಂಡಿನ ಮ್ಯಾಥ್ಯೂ ಡಾಬ್ಸನ್ 1776ರಲ್ಲಿ ತೋರಿಸಿಕೊಟ್ಟನು. ಹೊಸದಾಗಿರುವುದು ರೋಗದ ವ್ಯಾಪ್ತಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ವಯಸ್ಕರಲ್ಲಿ ನೂರಕ್ಕೆ 11.4 ಮಂದಿ ಮಧುಮೇಹಿಗಳು. ಒಟ್ಟು ಸುಮಾರು 10 ಕೋಟಿ ಜನ. ರೋಗದ ಹೊಸ್ತಿಲಲ್ಲಿ ನಿಂತಿರುವವರು ಇನ್ನೂ 13 ಕೋಟಿಗೆ ಮೇಲ್ಪಟ್ಟು. ಇಷ್ಟು ದೊಡ್ಡ ಸಂಖ್ಯೆ ಪಟ್ಟಣಗಳಲ್ಲಿ ಮಾತ್ರ ಅಡಗಿರಲಾರದು. ರಾಗಿಮುದ್ದೆಯ ಅರಸೀಕೆರೆಯ ಬಯಲಿನಲ್ಲಿಯೂ ಅಕ್ಕಿರೊಟ್ಟಿಯ ಅರೇಹಳ್ಳಿಯ ಮಲೆನಾಡಿನಲ್ಲಿಯೂ ಅದಕ್ಕೆ ಪಾಲಿದೆ.

ಮೊದಲನೆಯ ಬಗೆಯ ಮಧುಮೇಹದಲ್ಲಿ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ತಯಾರಿಸುವ ಕಣಗಳು ನಾಶವಾಗಿರುತ್ತವೆ. ಆದುದರಿಂದ ಹೊರಗಿನ ಇನ್ಸುಲಿನ್ ಇಲ್ಲದೆ ರೋಗಿ ಬದುಕಲಾರನು. ಎರಡನೆಯ ಬಗೆಯಲ್ಲಿ ಇನ್ಸುಲಿನ್ ಇರುತ್ತದೆ. ಆದರೆ ಸ್ನಾಯು, ಯಕೃತ್ತು ಮೊದಲಾದ ಅಂಗಗಳು ಅದರ ಮಾತನ್ನು ಚೆನ್ನಾಗಿ ಕೇಳುವುದಿಲ್ಲ, ಗ್ರಂಥಿಯೂ ಕ್ರಮೇಣ ದಣಿಯುತ್ತದೆ. ಈ ವ್ಯತ್ಯಾಸವನ್ನು ಚೆನ್ನಾಗಿ ನೆನಪಿಡಬೇಕು. ನಮ್ಮ ಊರುಗಳಲ್ಲಿ "ಸಕ್ಕರೆ ಕಾಯಿಲೆಗೆ ಸೂಜಿ" ಎಂದರೆ ಇನ್ಸುಲಿನ್ ಒಂದೇ ಎಂಬ ನಂಬಿಕೆ ಇದೆ. ಅದರ ಬೆನ್ನಿಗೇ ಇನ್ನೊಂದು ನಂಬಿಕೆ: ಸೂಜಿ ಬಂತೆಂದರೆ ರೋಗ ಕೊನೆಯ ಮೆಟ್ಟಿಲಿಗೆ ಬಂತು, ಇನ್ನು ಬಿಡುಗಡೆಯಿಲ್ಲ ಎಂಬುದು. ಎರಡೂ ತಪ್ಪು. ಈ ಹೊಸ ಔಷಧಗಳು ಇನ್ಸುಲಿನ್ ಅಲ್ಲ. ಅವುಗಳನ್ನು ಚುಚ್ಚಿಕೊಳ್ಳಬೇಕಾಗಿರುವುದು ರೋಗ ಮುದಿಯಾಯಿತೆಂದಲ್ಲ. ಅವು ಸಣ್ಣ ಪ್ರೋಟೀನಿನಂಥ ವಸ್ತುಗಳಾದುದರಿಂದ, ನುಂಗಿದರೆ ಜಠರವು ಅವನ್ನು ಬೇಳೆಯ ಪ್ರೋಟೀನಿನಂತೆಯೇ ಅರಗಿಸಿಬಿಡುತ್ತದೆಂದು. ಇವುಗಳಲ್ಲಿ ಒಂದನ್ನು ವಿಶೇಷ ಉಪಾಯದಿಂದ ಮಾತ್ರೆಯಾಗಿಯೂ ಮಾಡಿದ್ದಾರೆ. ಆದರೆ ಅದರಲ್ಲಿ ರಕ್ತಕ್ಕೆ ಸೇರುವ ಅಂಶ ತೀರ ಅಲ್ಪ.

ಹಾಗೆ ನೋಡಿದರೆ ಇನ್ಸುಲಿನ್ನಿನ ಚರಿತ್ರೆಯೇ ಹೊಸ ಔಷಧಕ್ಕೆ ಒಗ್ಗಿಕೊಳ್ಳುವುದರ ಮೊದಲ ಪಾಠ. 1921ರ ಬೇಸಗೆಯಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಮ್ಯಾಕ್ಲಿಯೋಡ್ ಎಂಬ ಪ್ರಾಧ್ಯಾಪಕರ ಪ್ರಯೋಗಶಾಲೆಯಲ್ಲಿ ಬ್ಯಾಂಟಿಂಗ್ ಎಂಬ ತರುಣ ಶಸ್ತ್ರವೈದ್ಯನೂ, ಬೆಸ್ಟ್ ಎಂಬ 22 ವರ್ಷದ ವಿದ್ಯಾರ್ಥಿ ಸಹಾಯಕನೂ ಅದನ್ನು ಬೇರ್ಪಡಿಸಿದರು. 1922ರ ಜನವರಿ 11ರಂದು ಲೆನರ್ಡ್ ಥಾಮ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ ಅದನ್ನು ಚುಚ್ಚಿದರು. ಫಲ ಹೆಚ್ಚೇನೂ ಕಾಣಲಿಲ್ಲ. ಚುಚ್ಚಿದ ಕಡೆ ಬಾವು ಎದ್ದಿತು. "ಸೂಜಿ ಬೇಡವೇ ಬೇಡ" ಎಂದು ಅಂದೇ ಕೈಬಿಟ್ಟಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಕಾಲಿಪ್ ಎಂಬ ರಸಾಯನ ವಿಜ್ಞಾನಿ ಔಷಧವನ್ನು ಶುದ್ಧಗೊಳಿಸಿಕೊಟ್ಟನು. ಜನವರಿ 23ರಂದು ಮತ್ತೆ ಚುಚ್ಚಿದಾಗ ಹುಡುಗನ ರಕ್ತದ ಸಕ್ಕರೆ ಇಳಿಯಿತು. ಮೊದಲ ತೊಂದರೆಗೆ ಹೆದರಿ ಓಡುವುದೂ ಅಲ್ಲ, ತೊಂದರೆಯೇ ಇಲ್ಲವೆಂದು ಹಟ ಹಿಡಿಯುವುದೂ ಅಲ್ಲ. ತೊಂದರೆ ಏಕಾಯಿತೆಂದು ವಿಚಾರಿಸುವುದು ವಿಜ್ಞಾನದ ದಾರಿ.

ಹಾಗಾದರೆ ಈ ಹೊಸ ಔಷಧಗಳ ಗುಟ್ಟೇನು? 1964ರಲ್ಲಿ ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಬೇರೆಬೇರೆಯಾಗಿ ನಡೆದ ಪ್ರಯೋಗಗಳಲ್ಲಿ ಒಂದು ವಿಚಿತ್ರ ಸಂಗತಿ ಕಂಡುಬಂದಿತು. ಗ್ಲೂಕೋಸನ್ನು ನೇರವಾಗಿ ರಕ್ತನಾಳಕ್ಕೆ ಕೊಟ್ಟಾಗ ಹೊರಡುವ ಇನ್ಸುಲಿನ್ನಿಗಿಂತ, ಬಾಯಿಂದ ಕುಡಿಸಿದಾಗ ಹೊರಡುವ ಇನ್ಸುಲಿನ್ ಬಹಳ ಹೆಚ್ಚು. ಅಂದರೆ ಊಟ ಬಂದಿದೆಯೆಂಬ ಸುದ್ದಿಯನ್ನು ಕರುಳು ತಾನೇ ಮೇದೋಜೀರಕ ಗ್ರಂಥಿಗೆ ಕಳುಹಿಸುತ್ತಿದೆ ಎಂದಾಯಿತು. ಆ ಸುದ್ದಿಗಾರರಲ್ಲಿ ಒಂದಾದ ಜಿ.ಎಲ್.ಪಿ.-1 ಎಂಬ ಹಾರ್ಮೋನನ್ನು 1980ರ ದಶಕದಲ್ಲಿ ಗುರುತಿಸಿದರು. ಇದು ನಾಲ್ಕು ಕೆಲಸಗಳನ್ನು ಮಾಡುತ್ತದೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಾಗ ಇನ್ಸುಲಿನ್ ಹೊರಡಿಸುತ್ತದೆ. ಯಕೃತ್ತಿನಿಂದ ಸಕ್ಕರೆಯನ್ನು ಹೊರಡಿಸುವ ಗ್ಲೂಕಗಾನ್ ಎಂಬ ಹಾರ್ಮೋನನ್ನು ತಗ್ಗಿಸುತ್ತದೆ. ಜಠರದಿಂದ ಆಹಾರ ಕರುಳಿಗೆ ಇಳಿಯುವುದನ್ನು ನಿಧಾನಗೊಳಿಸುತ್ತದೆ. ಮಿದುಳಿಗೆ "ಸಾಕು" ಎಂದು ಹೇಳುತ್ತದೆ.

ಇಂಥ ಗುಣವಂತ ಹಾರ್ಮೋನನ್ನೇ ಔಷಧವಾಗಿ ಚುಚ್ಚಬಾರದೇಕೆ ಎಂದು ನೀವು ಕೇಳಬಹುದು. ಕಷ್ಟವೇನೆಂದರೆ ರಕ್ತದಲ್ಲಿಯ ಒಂದು ಕಿಣ್ವ ಅದನ್ನು ಒಂದೆರಡು ನಿಮಿಷಗಳಲ್ಲಿಯೇ ಕತ್ತರಿಸಿ ಹಾಕುತ್ತದೆ. ಈ ಕಗ್ಗಂಟನ್ನು ಬಿಡಿಸುವ ದಾರಿ ತೋರಿಸಿದ್ದು, ನಂಬಿದರೆ ನಂಬಿ, ಒಂದು ಹಲ್ಲಿ! ಅಮೆರಿಕದ ನೈರುತ್ಯದ ಮರುಭೂಮಿಯಲ್ಲಿ ಹೀಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿ ಇದೆ. ನ್ಯೂಯಾರ್ಕಿನ ವೈದ್ಯ ಜಾನ್ ಎಂಗ್ 1992ರಲ್ಲಿ ಅದರ ವಿಷದಿಂದ ಎಕ್ಸೆಂಡಿನ್-4 ಎಂಬ ವಸ್ತುವನ್ನು ಬೇರ್ಪಡಿಸಿದರು. ಅದು ನಮ್ಮ ಜಿ.ಎಲ್.ಪಿ.-1ಕ್ಕೆ ಅರ್ಧದಷ್ಟು ಹೋಲುತ್ತದೆ, ಕೆಲಸವೂ ಅದರದೇ. ಆದರೆ ಆ ಕಿಣ್ವದ ಕತ್ತರಿಗೆ ಸುಲಭವಾಗಿ ಸಿಕ್ಕುವುದಿಲ್ಲ. ಅದರ ಕೃತಕ ರೂಪವಾದ ಎಕ್ಸೆನಟೈಡ್ 2005ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಒಪ್ಪಿಗೆ ಪಡೆಯಿತು. ಅದನ್ನು ದಿನಕ್ಕೆ ಎರಡು ಬಾರಿ ಚುಚ್ಚಿಕೊಳ್ಳಬೇಕಾಗಿತ್ತು. ಬಳಿಕ ದಿನಕ್ಕೊಮ್ಮೆ ಸಾಕಾಗುವ ಲಿರಾಗ್ಲುಟೈಡ್ ಬಂತು. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೆಮಗ್ಲುಟೈಡ್ ವಾರಕ್ಕೊಮ್ಮೆ ಸಾಕು. ಮನುಷ್ಯನ ಹಾರ್ಮೋನಿನ ಸರಪಣಿಯಲ್ಲಿ ಒಂದೆರಡು ಅಮೈನೊ ಆಮ್ಲಗಳನ್ನು ಬದಲಿಸಿ, ಅದಕ್ಕೊಂದು ಕೊಬ್ಬಿನ ಬಾಲವನ್ನು ಕಟ್ಟಿದ್ದಾರೆ. ಆ ಬಾಲ ರಕ್ತದ ಆಲ್ಬುಮಿನ್ ಎಂಬ ಪ್ರೋಟೀನನ್ನು ಹಿಡಿದುಕೊಂಡು ದಿನಗಟ್ಟಲೆ ಸುತ್ತಾಡುತ್ತದೆ. 2022ರಲ್ಲಿ ಅಲ್ಲಿ ಒಪ್ಪಿಗೆ ಪಡೆದು 2025ರ ಮಾರ್ಚಿನಲ್ಲಿ ಭಾರತಕ್ಕೆ ಬಂದ ಟಿರ್ಜೆಪಟೈಡ್, ಜಿ.ಎಲ್.ಪಿ.-1ರ ಜೊತೆಗೆ ಕರುಳಿನ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ.

ಈಗ ನನ್ನ ಅರ್ಧ ರೊಟ್ಟಿಯ ಕಡೆಗೆ ಬರೋಣ. ಜಠರ ನಿಧಾನವಾಗಿ ಬರಿದಾಗುತ್ತಿದೆ. ಮಿದುಳು "ಸಾಕು" ಎನ್ನುತ್ತಿದೆ. ಆದರೆ ಎಲೆಯ ಮೇಲಿನ ಅಳತೆ ಮೊದಲಿನದೇ. ತೂಬಿನ ಬಾಯಿ ಕಿರಿದುಮಾಡಿ ಕೆರೆಗೆ ಮೊದಲಿನಷ್ಟೇ ನೀರು ಬಿಟ್ಟರೆ ಕೋಡಿ ಬೀಳದೆ ಇದ್ದೀತೆ? ಓಕರಿಕೆ, ತೇಗು, ಹೊಟ್ಟೆಯುಬ್ಬರ, ಕೆಲವರಿಗೆ ವಾಂತಿ ಅಥವಾ ಭೇದಿ, ಇನ್ನು ಕೆಲವರಿಗೆ ಮಲಬದ್ಧತೆ: ಇವು ಈ ಔಷಧಗಳ ಸಾಮಾನ್ಯ ಉಪದ್ರವಗಳು. ಬಹುಮಟ್ಟಿಗೆ ಇವು ಔಷಧದ ಕ್ರಿಯೆಯಿಂದಲೇ ಹುಟ್ಟುವಂಥವು. ಬಹಳ ಜನರಲ್ಲಿ ಪ್ರಮಾಣ ಏರಿಸುವ ಕಾಲದಲ್ಲಿ ಹೆಚ್ಚಾಗಿದ್ದು, ಅನಂತರ ತಗ್ಗುತ್ತವೆ.

ಆದ್ದರಿಂದಲೇ ವೈದ್ಯರು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುತ್ತಾರೆ. ಸೆಮಗ್ಲುಟೈಡನ್ನು ಮಧುಮೇಹಕ್ಕೆ ಕೊಡುವಾಗ ಮೊದಲ ನಾಲ್ಕು ವಾರ 0.25 ಮಿಲಿಗ್ರಾಂ; ಮುಂದೆ 0.5, ಬೇಕಾದರೆ, ಮತ್ತೆ ನಾಲ್ಕು ವಾರಗಳಾದರೂ ಕಳೆದ ಮೇಲೆ, 1 ಮಿಲಿಗ್ರಾಂ. ಟಿರ್ಜೆಪಟೈಡನ್ನು 2.5 ಮಿಲಿಗ್ರಾಂನಿಂದ ಆರಂಭಿಸಿ, ನಾಲ್ಕು ವಾರಗಳ ಬಳಿಕ 5ಕ್ಕೆ ಏರಿಸುತ್ತಾರೆ. ಮೊದಲನೆಯ ಮೆಟ್ಟಿಲು ಸಕ್ಕರೆ ಇಳಿಸುವುದಕ್ಕಲ್ಲ, ಹೊಟ್ಟೆಯನ್ನು ಒಗ್ಗಿಸುವುದಕ್ಕೆ. ಇದನ್ನು ತಿಳಿಯದವರು ಎರಡು ಬಗೆಯ ತಪ್ಪು ಮಾಡುತ್ತಾರೆ. "ನಾಲ್ಕು ವಾರವಾದರೂ ಸಕ್ಕರೆ ಇಳಿಯಲಿಲ್ಲ, ದುಡ್ಡು ದಂಡ" ಎಂದು ಬಿಟ್ಟುಬಿಡುವುದು ಒಂದು. "ಬೇಗ ಇಳಿಯಲಿ" ಎಂದು ತಾವಾಗಿಯೇ ಪ್ರಮಾಣ ಏರಿಸಿಕೊಂಡು ವಾಂತಿಯಿಂದ ಸೊರಗುವುದು ಇನ್ನೊಂದು.

ನಾಲ್ಕು ವಾರಗಳೇ ಏಕೆ? ಇದನ್ನು ವಿದ್ಯಾರ್ಥಿಗಳು ತಮ್ಮ ಗಣಿತದಿಂದಲೇ ಲೆಕ್ಕಹಾಕಬಹುದು. ಸೆಮಗ್ಲುಟೈಡಿನ ಅರ್ಧಾಯು ಸುಮಾರು ಒಂದು ವಾರ. ಎಂದರೆ ಇಂದು ದೇಹದಲ್ಲಿರುವುದರ ಅರ್ಧ ಒಂದು ವಾರದ ಬಳಿಕವೂ ಉಳಿದಿರುತ್ತದೆ. ಮೊದಲ ವಾರ 1 ಪಾಲು ಚುಚ್ಚಿಕೊಂಡಿರೆಂದು ಇಟ್ಟುಕೊಳ್ಳಿ. ಎರಡನೆಯ ವಾರ ಉಳಿದ ಅರ್ಧಕ್ಕೆ ಹೊಸದೊಂದು ಸೇರಿ 1½ ಆಗುತ್ತದೆ. ಮೂರನೆಯ ವಾರ 1¾, ನಾಲ್ಕನೆಯ ವಾರ 1⅞. ಹೀಗೆ ಅದು 2ರ ಕಡೆಗೆ ಸಾಗುತ್ತದೆ, ಆದರೆ 2ನ್ನು ದಾಟುವುದಿಲ್ಲ. ನಿಮ್ಮ ಪಠ್ಯದ ಗುಣೋತ್ತರ ಶ್ರೇಢಿ ಇದೇ ಅಲ್ಲವೆ? ನಾಲ್ಕೈದು ವಾರಗಳಲ್ಲಿ ಮಟ್ಟ ಹೆಚ್ಚುಕಡಮೆ ಸ್ಥಿರವಾಗುತ್ತದೆ. ಚರ್ಮದಡಿಯಿಂದ ಔಷಧ ನಿಧಾನವಾಗಿ ಹೀರಲ್ಪಡುವುದರಿಂದ ಈ ಲೆಕ್ಕ ಸ್ಥೂಲವಾದುದು. ಆದರೆ ತತ್ತ್ವ ಇದೇ. ಅಷ್ಟರೊಳಗೆ ಮುಂದಿನ ಮೆಟ್ಟಿಲಿಗೆ ಹಾರಿದವನು ಹಿಂದಿನ ಮೆಟ್ಟಿಲಿನ ಪೂರ್ತಿ ಪರಿಣಾಮವನ್ನು ನೋಡಿಯೇ ಇರುವುದಿಲ್ಲ. ಬಿಟ್ಟವನ ಲೆಕ್ಕವೂ ಇದೇ ಬಗೆಯದು: ಒಂದು ವಾರಕ್ಕೆ ಅರ್ಧ, ಎರಡು ವಾರಕ್ಕೆ ಕಾಲು, ಐದು ವಾರ ಕಳೆದರೂ ಮೂವತ್ತೆರಡರಲ್ಲಿ ಒಂದು ಪಾಲು ಉಳಿದಿರುತ್ತದೆ. ಈ ಸೂಜಿಯ ವಿಷಯದಲ್ಲಿ ಏರುವುದಾಗಲಿ ಇಳಿಯುವುದಾಗಲಿ ದಿಢೀರನೆ ಆಗುವ ಮಾತಲ್ಲ.

ಇಷ್ಟು ತಿಳಿದ ಮೇಲೆ ಮನೆಯವರು ಮಾಡಬೇಕಾದುದೇನೆಂಬುದು ತಾನಾಗಿ ಹೊಳೆಯುತ್ತದೆ. ನಮ್ಮಲ್ಲಿ ಬಲವಂತದ ಉಪಚಾರವೇ ಪ್ರೀತಿಯ ಗುರುತು. "ಇನ್ನೊಂದು ರೊಟ್ಟಿ, ನಾಚಿಕೋಬೇಡಿ" ಎನ್ನದ ಮನೆ ಮಲೆನಾಡಿನಲ್ಲಿ ಸಿಕ್ಕದು. ಒಗ್ಗಿಕೊಳ್ಳಬೇಕಾದುದು ರೋಗಿಯ ಹೊಟ್ಟೆಯೊಂದೇ ಅಲ್ಲ. ಬಡಿಸುವವರ ಕೈಯೂ ಒಗ್ಗಬೇಕು. ಸ್ವಲ್ಪ ಸ್ವಲ್ಪವಾಗಿ, ನಿಧಾನವಾಗಿ ಉಣ್ಣಲು ಬಿಡಬೇಕು. ಎಣ್ಣೆಯಲ್ಲಿ ಕರಿದುದು, ಜಿಡ್ಡಿನ ಬಾಡೂಟ ಇವು ಜಠರದಲ್ಲಿ ಮೊದಲೇ ತಡೆದು ನಿಲ್ಲುವಂಥವು. ಮೊದಲ ವಾರಗಳಲ್ಲಿ ಇವು ದೂರವಿದ್ದಷ್ಟೂ ಒಳ್ಳೆಯದು. ಉಣ್ಣುವುದು ಕಡಮೆಯಾದಾಗ ತೂಕ ಇಳಿಯುತ್ತದೆ. ಆದರೆ ಇಳಿಯುವುದು ಕೊಬ್ಬು ಮಾತ್ರವಲ್ಲ, ಸ್ನಾಯುವೂ ಇಳಿಯುತ್ತದೆ. ಆದುದರಿಂದ ಆ ಚಿಕ್ಕ ಊಟದಲ್ಲಿ ಅನ್ನಕ್ಕಿಂತ ಮೊದಲು ಪ್ರೋಟೀನಿಗೆ ಜಾಗ ಬೇಕು. ಹುರುಳಿಕಾಳು, ಹೆಸರುಕಾಳು, ಮೊಸರು, ಮೊಟ್ಟೆ, ಮೀನು ಇವು ನಮ್ಮಲ್ಲಿ ಅಪರೂಪವೇನಲ್ಲ. ನಡಿಗೆಯೂ ಕೈಕಾಲಿಗೆ ಭಾರದ ಕೆಲಸವೂ ಬೇಕು. ನೀರು ಕುಡಿಯುವುದನ್ನು ಮರೆಯಬಾರದು. ಕಾಫಿಯನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ; ಕಾಫಿ ಬೆಳೆಯುವ ಊರಿನಲ್ಲಿ ಹಾಗೆ ಹೇಳಿ ಬದುಕುವುದೂ ಕಷ್ಟ. ಕಾಫಿಗೆ ಸುರಿಯುವ ಬೆಲ್ಲವನ್ನು ಬಿಟ್ಟರೆ ಸಾಕು.

ಔಷಧವನ್ನು ಕಾಪಾಡುವುದೂ ಒಂದು ವಿದ್ಯೆ. ಬಳಸಲು ತೊಡಗುವ ಮುಂಚೆ ಇದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ರೆಫ್ರಿಜರೇಟರಿನ ಮಂಜುಗಟ್ಟುವ ಭಾಗಕ್ಕೆ ತಗುಲಿಸಿ ಇಡಬಾರದು. ಒಮ್ಮೆ ಹೆಪ್ಪುಗಟ್ಟಿದ ಔಷಧ ಕರಗಿದ ಮೇಲೂ ಕೆಲಸಕ್ಕೆ ಬಾರದು. ಮಳೆಗಾಲದಲ್ಲಿ ಮರ ಉರುಳಿ ತಂತಿ ಹರಿದು ವಿದ್ಯುತ್ತು ದಿನಗಟ್ಟಲೆ ಬಾರದಿರುವುದು ನಮ್ಮ ಕಡೆ ಹೊಸದಲ್ಲ. ಬಳಸಲು ತೊಡಗಿದ ಮೇಲೆ ಎಷ್ಟು ದಿನ, ಎಷ್ಟು ಬಿಸಿಯವರೆಗೆ ಹೊರಗಿಡಬಹುದೆಂಬುದು ಔಷಧದಿಂದ ಔಷಧಕ್ಕೆ ಬೇರೆ. ಅದು ಪೆಟ್ಟಿಗೆಯ ಚೀಟಿಯಲ್ಲಿರುತ್ತದೆ. ಒಂದು ವಾರದ ಸೂಜಿ ತಪ್ಪಿದರೆ ಏನು ಮಾಡಬೇಕೆಂಬುದೂ ಅಲ್ಲಿಯೇ ಇದೆ: ಸೆಮಗ್ಲುಟೈಡಾದರೆ ಐದು ದಿನಗಳೊಳಗೆ, ಟಿರ್ಜೆಪಟೈಡಾದರೆ ನಾಲ್ಕು ದಿನಗಳೊಳಗೆ ನೆನಪಾದರೆ ಚುಚ್ಚಿಕೊಳ್ಳಬಹುದು, ಅದು ಮೀರಿದರೆ ಆ ವಾರವನ್ನು ಬಿಟ್ಟು ಮುಂದಿನ ಗೊತ್ತಾದ ದಿನಕ್ಕೆ ಕಾಯಬೇಕು. ತಪ್ಪಿದ್ದನ್ನು ತುಂಬಲು ಎರಡನ್ನು ಒಟ್ಟಿಗೆ ಚುಚ್ಚಿಕೊಳ್ಳಬಾರದು. ಹೊಟ್ಟೆ, ತೊಡೆ, ತೋಳಿನ ಮೇಲ್ಭಾಗ ಇವುಗಳಲ್ಲಿ ವಾರವಾರವೂ ಜಾಗ ಬದಲಿಸಬೇಕು. ಸೀಸೆಯಿಂದ ಎಳೆದುಕೊಳ್ಳುವ ಔಷಧವಾದರೆ ಇನ್ನೂ ಒಂದು ಎಚ್ಚರಿಕೆ: ಇನ್ಸುಲಿನ್ ಸಿರಿಂಜಿನ ಮೇಲಿನ ಗೆರೆಗಳು ಯೂನಿಟ್ಟುಗಳು, ಔಷಧದ ಅಳತೆ ಮಿಲಿಗ್ರಾಂ. ಇವೆರಡೂ ಒಂದೇ ಎಂದು ಬಗೆದರೆ ಅನಾಹುತ. ಎಷ್ಟು ಎಳೆಯಬೇಕೆಂಬುದನ್ನು ವೈದ್ಯರಿಂದ ಬರೆಸಿಕೊಂಡೇ ಬರಬೇಕು.

ಇಲ್ಲಿಯವರೆಗೆ ಓದಿದವರು ಈತ ಔಷಧದ ಪಕ್ಷ ವಹಿಸಿದ್ದಾನೆಂದುಕೊಳ್ಳಬಹುದು. ಪಕ್ಷ ವಹಿಸಿರುವುದು ನಿಜ, ಆದರೆ ಕಣ್ಣು ಮುಚ್ಚಿಕೊಂಡಲ್ಲ. 2016ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಹೃದ್ರೋಗದ ಅಪಾಯವಿದ್ದ 3,297 ಮಧುಮೇಹಿಗಳನ್ನು ಸುಮಾರು ಎರಡು ವರ್ಷ ಗಮನಿಸಿದರು. ಸೆಮಗ್ಲುಟೈಡ್ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದ್ರೋಗದ ಮರಣಕ್ಕೆ ತುತ್ತಾದವರು ನೂರಕ್ಕೆ 6.6, ಪಡೆಯದವರಲ್ಲಿ 8.9. ಇದು ಸಣ್ಣ ಲಾಭವಲ್ಲ. ಅದೇ ಪರೀಕ್ಷೆಯಲ್ಲಿ ಕಣ್ಣಿನ ಅಕ್ಷಿಪಟಲದ ತೊಂದರೆ ಔಷಧ ಪಡೆದವರಲ್ಲಿ ನೂರಕ್ಕೆ 3.0, ಪಡೆಯದವರಲ್ಲಿ 1.8. ಬಹುಕಾಲ ಏರಿದ್ದ ಸಕ್ಕರೆ ಬೇಗನೆ ಇಳಿದಾಗ, ಮೊದಲೇ ಕೆಟ್ಟಿದ್ದ ಅಕ್ಷಿಪಟಲ ಕೆಲಕಾಲ ಇನ್ನಷ್ಟು ಕೆಡುವುದುಂಟು. ಆದುದರಿಂದ ಹಳೆಯ ಮಧುಮೇಹಿಗಳು ಸೂಜಿ ಆರಂಭಿಸುವ ಮುಂಚೆ ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಬೇಕು. ಬಿಡದ ತೀವ್ರ ಹೊಟ್ಟೆನೋವು, ಅದರಲ್ಲೂ ಬೆನ್ನಿಗೆ ಹರಡುವಂಥದು, ಮೇದೋಜೀರಕ ಗ್ರಂಥಿಯ ಉರಿಯೂತದ ಸೂಚನೆಯಿರಬಹುದು. ನೀರೂ ನಿಲ್ಲದಂಥ ವಾಂತಿ ಮೂತ್ರಪಿಂಡಗಳಿಗೆ ಅಪಾಯಕರ. ಇವುಗಳಿಗೆ ಕಾಯುವುದು ಸಲ್ಲದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಥೈರಾಯ್ಡ್ ಗ್ರಂಥಿಯ ಮೆಡುಲ್ಲರಿ ಎಂಬ ಬಗೆಯ ಕ್ಯಾನ್ಸರ್ ವಂಶದಲ್ಲಿರುವವರಿಗೂ ಗರ್ಭಿಣಿಯರಿಗೂ ಈ ಔಷಧ ಸಲ್ಲದು.

ಇನ್ನೊಂದನ್ನು ಪ್ರತಿ ಮನೆಯಲ್ಲಿಯೂ ತಿಳಿದಿರಬೇಕು. ಈ ಔಷಧವೊಂದೇ ಆದರೆ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುವುದು ವಿರಳ. ಆದರೆ ಗ್ಲಿಮೆಪಿರೈಡಿನಂಥ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಜೊತೆಗೆ ತೆಗೆದುಕೊಳ್ಳುತ್ತಿರುವವರಿಗೆ, ಊಟವೂ ಅರ್ಧವಾದಾಗ, ಸಕ್ಕರೆ ತೀರ ಇಳಿದುಹೋಗಬಹುದು. ಬೆವರು, ನಡುಕ, ಎದೆಬಡಿತ, ತಬ್ಬಿಬ್ಬು ಕಂಡರೆ ಮೂರು ಚಹದ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಕಾಲು ಗಂಟೆಯ ಮೇಲೆ ಮತ್ತೆ ರಕ್ತ ಪರೀಕ್ಷಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಸಕ್ಕರೆ ರೋಗಿಯ ಮನೆಯಲ್ಲಿ ಸಕ್ಕರೆಯ ಡಬ್ಬಿ ಕೈಗೆಟುಕುವಲ್ಲಿ ಇರಬೇಕೆಂಬುದು ವಿನೋದವಾಗಿ ಕಂಡರೂ ಸತ್ಯ. ಹಳೆಯ ಔಷಧಗಳ ಪ್ರಮಾಣವನ್ನು ತಗ್ಗಿಸಬೇಕೆ ಎಂದು ವೈದ್ಯರನ್ನು ಮೊದಲೇ ಕೇಳಬೇಕು, ತಾವಾಗಿ ಬಿಡಬಾರದು. ಮೊದಲನೆಯ ಬಗೆಯ ಮಧುಮೇಹಿಯಂತೂ ಇದನ್ನು ನಂಬಿ ಇನ್ಸುಲಿನ್ ಬಿಟ್ಟರೆ ಪ್ರಾಣಕ್ಕೇ ಸಂಚಕಾರ.

ಬೆಲೆಯ ಮಾತನ್ನೂ ಆಡಬೇಕು. 2025ರ ಮಾರ್ಚಿನಲ್ಲಿ ಟಿರ್ಜೆಪಟೈಡ್ ಇಲ್ಲಿ ಮಾರಾಟಕ್ಕೆ ಬಂದಾಗ 2.5 ಮಿಲಿಗ್ರಾಂ ಸೀಸೆಯೊಂದಕ್ಕೆ 3,500 ರೂಪಾಯಿ. ನಾಲ್ಕು ವಾರಕ್ಕೆ 14,000. ಕಾಫಿ ಹಣ್ಣು ಕುಯ್ಯುವ ಕೂಲಿಯವರಿಗೆ ಇದು ಔಷಧವಲ್ಲ, ಕೇಳಿ ಬಲ್ಲ ಸುದ್ದಿ ಮಾತ್ರ. ಆದರೆ ಈ ಸ್ಥಿತಿ ಹೀಗೆಯೇ ಉಳಿಯುವಂಥದಲ್ಲ. ಭಾರತದಲ್ಲಿ ಸೆಮಗ್ಲುಟೈಡಿನ ಪೇಟೆಂಟಿಗೆ 2026ರ ಮಾರ್ಚಿನವರೆಗೆ ಅವಧಿಯಿತ್ತು. ಪೇಟೆಂಟು ಮುಗಿದ ಔಷಧವನ್ನು ಹಲವು ಕಂಪನಿಗಳು ತಯಾರಿಸತೊಡಗಿದಾಗ ಬೆಲೆ ಇಳಿಯುವುದನ್ನು ನಾವು ಮೊದಲೂ ಕಂಡಿದ್ದೇವೆ. ಇನ್ಸುಲಿನ್ ಕಂಡುಹಿಡಿದವರು ತಮ್ಮ ಪೇಟೆಂಟಿನ ಹಕ್ಕನ್ನು ಒಂದೊಂದು ಡಾಲರಿಗೆ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟಿದ್ದರು. ಅಂಥ ಔದಾರ್ಯ ಇಂದು ಅಪರೂಪ, ಆದರೆ ಕಾಲವೂ ಒಂದು ಬಗೆಯಲ್ಲಿ ಉದಾರಿ. ಬೆಲೆ ಇಳಿದಂತೆಲ್ಲ ಈ ಸೂಜಿ ದೊಡ್ಡ ತೋಟದ ಮನೆಗಳಿಂದ ಸಣ್ಣ ಮನೆಗಳಿಗೂ ಬರುತ್ತದೆ. ತೂಕ ಇಳಿಸುವ ಮೋಹಕ್ಕಾಗಿ, ವೈದ್ಯರನ್ನು ಕೇಳದೆ, ಅಂಗಡಿಯಿಂದ ತಂದು ಚುಚ್ಚಿಕೊಳ್ಳುವವರೂ ಹೆಚ್ಚುತ್ತಾರೆ. ಔಷಧ ದುಬಾರಿಯಾಗಿದ್ದಾಗ ಕೊರತೆ ಹಣದ್ದು. ಅಗ್ಗವಾದಾಗ ಕೊರತೆ ತಿಳಿವಳಿಕೆಯದು. ಎರಡನೆಯ ಕೊರತೆಯನ್ನು ಯಾವ ಕಂಪನಿಯ ಪೈಪೋಟಿಯೂ ತುಂಬಿಕೊಡದು.

ಆದುದರಿಂದ ನನ್ನ ಬೇಡಿಕೆಗಳು ಮೂರು. ಮೊದಲನೆಯದು, ಇಂಥ ಔಷಧದ ಪೆಟ್ಟಿಗೆಯಲ್ಲಿ ಕನ್ನಡದ ಚೀಟಿಯೂ ಇರಬೇಕು, ಕಣ್ಣಿಗೆ ಕಾಣುವಂಥ ಅಕ್ಷರಗಳಲ್ಲಿ. ನನ್ನ ಕೈಗೆ ಬಂದುದರಲ್ಲಿ ಇರಲಿಲ್ಲ. ಚುಚ್ಚಿಕೊಳ್ಳುವವನು ಓದಲಾರದ ಸೂಚನೆ ಸೂಚನೆಯೇ ಅಲ್ಲ. ಎರಡನೆಯದು, ಸೂಜಿ ಬರೆದುಕೊಡುವ ವೈದ್ಯರು ಮೆಟ್ಟಿಲುಗಳ ಲೆಕ್ಕವನ್ನೂ ಅಪಾಯದ ಗುರುತುಗಳನ್ನೂ ಹೇಳಲು ಐದು ನಿಮಿಷ ಕೊಡಬೇಕು. ಕರ್ನಾಟಕದಲ್ಲಿ 2024ರಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆ ಮಧುಮೇಹದ ತಪಾಸಣೆಯನ್ನು ಮನೆಬಾಗಿಲಿಗೆ ಒಯ್ಯುವ ಉದ್ದೇಶದ್ದು. ತಪಾಸಣೆಯೊಡನೆ ತಿಳಿವಳಿಕೆಯೂ ಅದೇ ಬಾಗಿಲಿಗೆ ಹೋಗಲಿ.

ಮೂರನೆಯದು ನಿಮ್ಮಲ್ಲಿ. ಇನ್ಸುಲಿನ್ನಿನ ಶೋಧದಲ್ಲಿ ಒಬ್ಬ ವಿದ್ಯಾರ್ಥಿಯ ಕೈಯಿತ್ತು. ಅದನ್ನು ಮನೆಯಲ್ಲಿ ಸರಿಯಾಗಿ ಬಳಸುವುದರಲ್ಲಿ ನಿಮ್ಮ ಕೈ ಇರಬಾರದೇಕೆ? ನೀವು ವೈದ್ಯರಲ್ಲ, ಔಷಧ ಕೊಡುವುದೂ ಬಿಡಿಸುವುದೂ ನಿಮ್ಮ ಕೆಲಸವಲ್ಲ. ಆದರೆ ಚೀಟಿಯನ್ನು ಬಿಡಿಸಿ ಕನ್ನಡದಲ್ಲಿ ಓದಿ ಹೇಳಬಲ್ಲಿರಿ. ಗೋಡೆಯ ಕ್ಯಾಲೆಂಡರಿನಲ್ಲಿ ಸೂಜಿಯ ದಿನಕ್ಕೆ ಗುರುತು ಹಾಕಬಲ್ಲಿರಿ. ಯಾವ ದಿನ ಓಕರಿಕೆ ಬಂತು, ಅಂದು ಉಂಡದ್ದೇನು, ಬೆಳಗಿನ ಸಕ್ಕರೆ ಎಷ್ಟು ಎಂದು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸಬಲ್ಲಿರಿ. ಪ್ರಯೋಗಶಾಲೆಯಲ್ಲಿ ನೀವು ಬರೆಯುವ ದಾಖಲೆಗೂ ಇದಕ್ಕೂ ಜಾತಿಯಲ್ಲಿ ವ್ಯತ್ಯಾಸವಿಲ್ಲ. ಇಲ್ಲಿ ಸರಿಯಾದ ದಾಖಲೆಗೆ ಅಂಕಗಳು ಸಿಕ್ಕುವುದಿಲ್ಲ. ತಾತನ ಕಣ್ಣು, ಅಜ್ಜಿಯ ಪಾದ, ತಂದೆಯ ಹೃದಯ ಉಳಿದಾವು.

ನಮ್ಮ ಮನೆಯಲ್ಲಿ ಅಂಥ ಒಂದು ನೋಟುಪುಸ್ತಕ ಈಗ ಅರ್ಧ ತುಂಬಿದೆ. ಮೊದಲ ಪುಟಗಳಲ್ಲಿ ತೊಳಸು, ತೇಗು, ಬೇಸರ ಎಂಬ ಮಾತುಗಳೇ ಹೆಚ್ಚು. ಎಂಟನೆಯ ವಾರದ ಬಳಿಕ ಅವು ವಿರಳವಾಗುತ್ತ ಬಂದಿವೆ. ಮನೆಯಾಕೆ ಈಗ ಎರಡನೆಯ ರೊಟ್ಟಿಗೆ ಒತ್ತಾಯಿಸುವುದಿಲ್ಲ. ಅದರ ಬದಲು ಹುರುಳಿಕಾಳಿನ ಸಾರನ್ನು ಇನ್ನೊಂದು ಸೌಟು ಬಡಿಸುತ್ತಾಳೆ. ಉಪಚಾರ ಉಳಿದಿದೆ, ಅದರ ದಿಕ್ಕು ಬದಲಾಗಿದೆ.